ಆರಿದ ಹೂರಣ, ಹರಿಯದ ಪರಾಠ

ಬಾಳೆಕಾಯಿಯನ್ನು ಬೇಯಿಸಿ, ಖಾರ ಹುಳಿ ಬೆರೆಸಿ, ಗೋಧಿ ಹಿಟ್ಟಿನ ಕಣಕದೊಳಗೆ ತುಂಬಿ ಲಟ್ಟಿಸುವ ಪರಾಠವು ಗುಜರಾತ್ ಮತ್ತು ರಾಜಸ್ಥಾನದ ಜೈನ ಮನೆಗಳಲ್ಲಿ ರೂಢಿಯಲ್ಲಿದೆ. ನೆಲದಡಿ ಬೆಳೆಯುವ ಗೆಡ್ಡೆಗಳನ್ನು ವರ್ಜಿಸುವ ಆ ಅಡುಗೆಯಲ್ಲಿ ಆಲೂಗಡ್ಡೆಯ ಜಾಗವನ್ನು ಬಾಳೆಕಾಯಿ ತುಂಬುತ್ತದೆ. ಆದರೆ ಆಲೂ ಪರಾಠದ ವಿಧಾನವನ್ನೇ ಹಿಡಿದು ಬಾಳೆಕಾಯಿ ಪರಾಠ ಮಾಡಲು ಹೊರಟವರಿಗೆ ಒಂದೋ ಹೂರಣ ಅಂಟಂಟಾಗುತ್ತದೆ, ಇಲ್ಲವೇ ಲಟ್ಟಿಸುವಾಗ ಕಣಕ ಹರಿದು ಒಳಗಿನದೆಲ್ಲ ಹೊರಗೆ ಬರುತ್ತದೆ. ಕಾರಣ ಹುಡುಕುತ್ತ ಹೋದರೆ ಅದು ಮಸಾಲೆಯಲ್ಲೂ ಸಿಗುವುದಿಲ್ಲ, ಕೈಚಳಕದಲ್ಲೂ ಅಷ್ಟಾಗಿ ಸಿಗುವುದಿಲ್ಲ. ಕಾಯಿ ಬೆಂದ ಮೇಲೆ ಅದನ್ನು ಆರಲು ಬಿಡುವ ಹೊತ್ತಿನಲ್ಲಿ ಅದರೊಳಗಿನ ಪಿಷ್ಟಕ್ಕೆ ಏನಾಗುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ.

ಮೊದಲು ಕಾಯಿಯ ಆಯ್ಕೆ. ನಾವು ತಿನ್ನುವ ಬಾಳೆಗಳಲ್ಲಿ ಬಹುತೇಕ ಎಲ್ಲವೂ ಮ್ಯೂಸ ಅಕ್ಯುಮಿನೇಟ ಎಂಬ ಕಾಡುಬಾಳೆಯಿಂದ, ಇಲ್ಲವೇ ಅದು ಮ್ಯೂಸ ಬಾಲ್ಬಿಸಿಯಾನದೊಂದಿಗೆ ಬೆರೆತು ಹುಟ್ಟಿದ ಸಂಕರಗಳಿಂದ ಬಂದವು. ಮೊಂಥನ್ ತಳಿಯಲ್ಲಿ ಬಾಲ್ಬಿಸಿಯಾನದ ಪಾಲು ಎರಡು, ಅಕ್ಯುಮಿನೇಟದ ಪಾಲು ಒಂದು. ನೇಂದ್ರದಲ್ಲಿ ಇದು ತಿರುವುಮುರುವು. ಅಡುಗೆಗೆ ಎರಡೂ ಒದಗುತ್ತವೆ. ತಳಿಗಿಂತ ಮುಖ್ಯವಾದದ್ದು ಕಾಯಿ ಚೆನ್ನಾಗಿ ಬಲಿತಿದ್ದು, ಹಣ್ಣಾಗಲು ಇನ್ನೂ ತೊಡಗಿರಬಾರದು ಎಂಬುದು. ಹಸಿರು ಕಾಯಿಯ ನೀರಿನಂಶವನ್ನು ಕಳೆದು ಉಳಿಯುವ ಒಣ ತೂಕದಲ್ಲಿ ನೂರಕ್ಕೆ 70ರಿಂದ 80 ಪಾಲು ಪಿಷ್ಟವೇ ಇರುತ್ತದೆ. ಹಣ್ಣಾಗತೊಡಗಿದೊಡನೆ ಅಮೈಲೇಸ್ ಮೊದಲಾದ ಕಿಣ್ವಗಳು ಈ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತವೆ. ಸಿಪ್ಪೆಯ ಮೇಲೆ ಹಳದಿ ಛಾಯೆ ಕಂಡ ಕಾಯಿಯಿಂದ ಮಾಡಿದ ಹೂರಣ ಸಿಹಿಯಾಗುವುದಲ್ಲದೆ, ನೀರನ್ನು ಹಿಡಿದಿಡಲು ಸಾಕಷ್ಟು ಪಿಷ್ಟವಿಲ್ಲದೆ ಮೆತ್ತಗಾಗಿ ಜಿಗುಟಾಗುತ್ತದೆ.

ಹಸಿ ಬಾಳೆಕಾಯಿಯನ್ನು ಹೆಚ್ಚುವುದು ಒಂದು ರಸಾಯನ ಪ್ರಯೋಗವೇ ಸರಿ. ಕೊಯ್ದಲ್ಲಿ ಸೊನೆ ಒಸರುತ್ತದೆ, ಬೆರಳಿಗೆ ಕರೆ ಹಿಡಿಯುತ್ತದೆ, ತಿರುಳು ನೋಡನೋಡುತ್ತಿದ್ದಂತೆ ಕಂದುತ್ತದೆ. ಕೋಶಗಳು ಒಡೆದಾಗ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವವು ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಫೀನಾಲ್ ಬಗೆಯ ಅಣುಗಳನ್ನು ಕಂದು ವರ್ಣಕವಾಗಿ ಮಾರ್ಪಡಿಸುತ್ತದೆ. ಬಾಳೆಯಲ್ಲಿ ಈ ಕಿಣ್ವಕ್ಕೆ ಮುಖ್ಯವಾಗಿ ಸಿಗುವ ಅಣು ಡೋಪಮೀನ್. (ಮಿದುಳಿನ ಡೋಪಮೀನ್ ಕೂಡ ಇದೇ ಅಣು, ಆದರೆ ತಿಂದ ಡೋಪಮೀನ್ ರಕ್ತದಿಂದ ಮಿದುಳಿಗೆ ದಾಟದ ಕಾರಣ, ಬಾಳೆ ತಿಂದರೆ ಮನಸ್ಸು ಉಲ್ಲಾಸಗೊಳ್ಳುತ್ತದೆ ಎಂಬ ಮಾತಿಗೆ ಇದನ್ನು ಆಧಾರವಾಗಿ ಕೊಡುವುದು ತಪ್ಪು.) ಕಬ್ಬಿಣದ ಈಳಿಗೆ ಕಪ್ಪಾಗುವುದು ಮಾತ್ರ ಬೇರೆ ಕಥೆ. ಕಾಯಿಯ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ನೀಲಿಗಪ್ಪು ಸಂಯುಕ್ತವಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಹಿಂದಿನವರು ಮಸಿ ಮಾಡುತ್ತಿದ್ದುದು ಈ ಕ್ರಿಯೆಯಿಂದಲೇ.

ಹೆಚ್ಚಿದ ಹೋಳುಗಳನ್ನು ಮಜ್ಜಿಗೆ ನೀರಿನಲ್ಲಿ ಹಾಕುವುದು ಪಲ್ಯಕ್ಕೆ ಒಳ್ಳೆಯ ಉಪಾಯ. ಆಮ್ಲವು ಕಿಣ್ವವನ್ನು ತಗ್ಗಿಸುತ್ತದೆ, ನೀರು ಗಾಳಿಯನ್ನು ತಡೆಯುತ್ತದೆ. ಪರಾಠಕ್ಕೆ ಅದರ ಅಗತ್ಯವೇ ಇಲ್ಲ. ಎರಡು ತುದಿಗಳನ್ನಷ್ಟೇ ಕತ್ತರಿಸಿ, ಸಿಪ್ಪೆ ಸಮೇತ ಕಾಯಿಯನ್ನು ಬೇಯಿಸಿದರೆ ತಿರುಳಿಗೆ ಗಾಳಿ ತಾಗುವ ಮೊದಲೇ ಕಿಣ್ವವು ಶಾಖಕ್ಕೆ ನಿಷ್ಕ್ರಿಯವಾಗುತ್ತದೆ, ಸೊನೆ ಕೈಗೆ ಅಂಟುವುದಿಲ್ಲ, ತಿರುಳು ಹೆಚ್ಚಿನ ನೀರನ್ನು ಹೀರಿಕೊಳ್ಳುವುದೂ ಇಲ್ಲ. ಬೆಂದ ಕಾಯಿಯ ಸಿಪ್ಪೆ ಕಂದುಗಟ್ಟಿ, ಉಗುರು ತಾಕಿಸಿದರೆ ಪಟ್ಟಿಯಾಗಿ ಸುಲಿದು ಬರುತ್ತದೆ. ಹುಳಿಯನ್ನು ಬೇಯಿಸುವ ನೀರಿಗೆ ಸೇರಿಸದೆ ಕೊನೆಗೆ ಬೆರೆಸಬೇಕು ಎನ್ನುವುದಕ್ಕೂ ಕಾರಣವಿದೆ: ಕೋಶಗಳನ್ನು ಒಂದಕ್ಕೊಂದು ಬೆಸೆದಿರುವ ಪೆಕ್ಟಿನ್ ಸೌಮ್ಯ ಆಮ್ಲದಲ್ಲಿ ಬೇಗ ಕರಗುವುದಿಲ್ಲವಾದ್ದರಿಂದ ಹುಳಿನೀರಿನಲ್ಲಿ ಬೇಯಿಸಿದ ಕಾಯಿ ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ಉಳಿಯುತ್ತದೆ.

ಇನ್ನು ಪಿಷ್ಟದ ವಿಚಾರ. ಹಸಿ ಕಾಯಿಯಲ್ಲಿ ಪಿಷ್ಟವು ಒತ್ತಾಗಿ ಕಟ್ಟಿದ ಸಣ್ಣ ಕಣಗಳಾಗಿರುತ್ತದೆ, ಪ್ರತಿ ಕಣದಲ್ಲೂ ಅಮೈಲೋಸ್ ಎಂಬ ನೀಳ ಸರಪಳಿಗಳು ಮತ್ತು ಅಮೈಲೋಪೆಕ್ಟಿನ್ ಎಂಬ ಕವಲೊಡೆದ ಸರಪಳಿಗಳು ಇರುತ್ತವೆ. ನೀರಿದ್ದು, ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಈ ಕಣಗಳು ನೀರು ಕುಡಿದು ಉಬ್ಬಿ, ಒಳಗಿನ ಅಚ್ಚುಕಟ್ಟಾದ ಜೋಡಣೆ ಕಳಚಿ, ತಿರುಳು ಮೃದುವಾಗುತ್ತದೆ. ಬಿಸಿ ಇರುವಾಗಲೇ ಅದನ್ನು ಮಸೆದರೆ ಕೋಶಗಳು ಒಡೆದು ಸಡಿಲ ಪಿಷ್ಟವೆಲ್ಲ ಹೊರಬಂದು ಅಂಟಾಗುತ್ತದೆ. ಹಾಗೆ ಮಾಡದೆ, ಸಿಪ್ಪೆ ಸುಲಿದು ತಟ್ಟೆಯ ಮೇಲೆ ಹರವಿ ಬಿಟ್ಟರೆ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಮೇಲ್ಮೈಯ ನೀರು ಹಬೆಯಾಗಿ ಹಾರಿಹೋಗುತ್ತದೆ. ಒಳಗೆ ಬಿಡಿಬಿಡಿಯಾಗಿದ್ದ ಅಮೈಲೋಸ್ ಸರಪಳಿಗಳು ತಣಿಯುತ್ತಿದ್ದಂತೆ ಮತ್ತೆ ಒಂದರ ಪಕ್ಕ ಒಂದು ಬಂದು ಬಿಗಿಯಾಗಿ ಹೆಣೆದುಕೊಳ್ಳುತ್ತವೆ. ಬಿಸಿಯಲ್ಲಿ ಮೆತ್ತಗಿದ್ದ ಕಾಯಿ ಆರಿದ ಮೇಲೆ ತುರಿಮಣೆಗೆ ಒಡ್ಡುವಷ್ಟು ಗಟ್ಟಿಯಾಗುವುದು ಇದರಿಂದಲೇ. ಆಗ ಬೀಳುವ ತುರಿ ಎಳೆಎಳೆಯಾಗಿ, ಉದುರುದುರಾಗಿ ಇರುತ್ತದೆ, ಮುಷ್ಟಿಯಲ್ಲಿ ಒತ್ತಿದರೆ ಮಾತ್ರ ಉಂಡೆಯಾಗುತ್ತದೆ. ಪರಾಠಕ್ಕೆ ಬೇಕಾದ ಹದ ಇದು. ಆಲೂಗಡ್ಡೆಯ ನೂರು ಗ್ರಾಂನಲ್ಲಿ ಸುಮಾರು 80 ಗ್ರಾಂ ನೀರಿದ್ದರೆ ಅಡುಗೆ ಬಾಳೆಕಾಯಿಯಲ್ಲಿ ಅದಕ್ಕಿಂತ ಗಣನೀಯವಾಗಿ ಕಡಿಮೆ ಇರುವುದರಿಂದ, ಆರಿದ ಬಾಳೆಕಾಯಿ ಹೂರಣ ಆಲೂ ಹೂರಣಕ್ಕಿಂತ ಒಣಗಿರುತ್ತದೆ. ತೀರಾ ಪುಡಿಯಾದರೆ ಒಂದು ಚಮಚ ಎಣ್ಣೆ ಸಾಕು. ಉಪ್ಪು, ಅಮ್‌ಚೂರ್, ಹಸಿಮೆಣಸು, ಕೊತ್ತಂಬರಿ ಸೊಪ್ಪುಗಳನ್ನು ತುಂಬುವ ಮುನ್ನವಷ್ಟೇ ಬೆರೆಸಬೇಕು, ಏಕೆಂದರೆ ಉಪ್ಪು ಸೊಪ್ಪಿನ ನೀರನ್ನು ಎಳೆದು ಹೊರಹಾಕಿ ಇಷ್ಟು ಹೊತ್ತು ಕಾದಿದ್ದನ್ನು ವ್ಯರ್ಥಗೊಳಿಸುತ್ತದೆ.

ಕಣಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾದಿದ ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಪ್ರೋಟೀನಿನ ಜಾಲ ಏರ್ಪಟ್ಟಿರುತ್ತದೆ. ಅರ್ಧ ಗಂಟೆ ಮುಚ್ಚಿಟ್ಟರೆ ತೌಡಿನ ಚೂರುಗಳು ನೆನೆದು, ಬಿಗಿದ ಜಾಲ ಸಡಿಲಗೊಂಡು, ಲಟ್ಟಣಿಗೆಯ ಕೆಳಗೆ ಹಿಂದಕ್ಕೆ ಕುಗ್ಗದೆ ಹರಡಿಕೊಳ್ಳುತ್ತದೆ. ಕಣಕವೂ ಹೂರಣವೂ ಒತ್ತಿದರೆ ಒಂದೇ ರೀತಿ ಮಣಿಯುವಂತಿರಬೇಕು. ಹೋಳಿಗೆ ಮಾಡುವವರಿಗೆ ಇದು ಹೊಸ ವಿಷಯವೇನಲ್ಲ. ಬಿಸಿ ಹೂರಣ ತುಂಬಿದರೆ ಅದರ ಹಬೆ ಕಣಕದ ಒಳಮೈಯಲ್ಲಿ ನೀರಾಗಿ ಇಳಿದು, ಅಲ್ಲಷ್ಟೇ ಹಿಟ್ಟು ಜಾರಿ, ಮೊದಲ ತೂತು ಅಲ್ಲಿಯೇ ಬೀಳುತ್ತದೆ.

ಕಾದ ಕಾವಲಿಯ ಮೇಲೆ ಹೊರಪದರದ ನೀರು ಆರಿ ಉಷ್ಣತೆ 140 ಡಿಗ್ರಿ ಮೀರಿದಾಗ, ಹಿಟ್ಟಿನ ಅಮೈನೋ ಆಮ್ಲಗಳೂ ಸಕ್ಕರೆಗಳೂ ಸೇರಿ ನಡೆಸುವ ಮೈಲಾರ್ಡ್ ಕ್ರಿಯೆ ಚುರುಕಾಗಿ ಕಂದು ಚುಕ್ಕೆಗಳೂ ಪರಿಮಳವೂ ಮೂಡುತ್ತವೆ. ಒಳಗಿನ ಹೂರಣದಲ್ಲಿ ನೀರಿರುವವರೆಗೆ ಅದರ ಉಷ್ಣತೆ ಮಾತ್ರ 100 ಡಿಗ್ರಿಯನ್ನು ಮೀರುವುದಿಲ್ಲ.

ಈ 100 ಡಿಗ್ರಿಯ ಮಿತಿ ಪೋಷಣೆಯ ದೃಷ್ಟಿಯಿಂದಲೂ ಕುತೂಹಲಕರ. ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಸಾಗಿ, ಅಲ್ಲಿನ ಬ್ಯಾಕ್ಟೀರಿಯಗಳಿಗೆ ಆಹಾರವಾಗಿ ಬ್ಯುಟಿರೇಟ್ ಮೊದಲಾದ ಆಮ್ಲಗಳಾಗುವ ಪಿಷ್ಟಕ್ಕೆ ನಿರೋಧಕ ಪಿಷ್ಟ ಎಂಬ ಹೆಸರು 1982ರಿಂದ ಬಳಕೆಯಲ್ಲಿದೆ. ಹಸಿ ಬಾಳೆಕಾಯಿ ಅದರ ದೊಡ್ಡ ಮೂಲ ಎಂಬುದು ನಿಜ. ಆದರೆ ಹಸಿ ಕಾಯಿಯ ಗುಣವನ್ನು ಬೆಂದ ಕಾಯಿಗೆ ಆರೋಪಿಸಿ ಬಾಳೆಕಾಯಿ ಪರಾಠವನ್ನು ಮಧುಮೇಹಿಗಳ ತಿಂಡಿ ಎಂದು ಹೊಗಳುವುದನ್ನು ನಾನು ಒಪ್ಪಲಾರೆ. ಬೇಯಿಸಿದಾಗ ಆ ಕಣಗಳು ಒಡೆದು ಪಿಷ್ಟದ ಬಹುಪಾಲು ಸುಲಭವಾಗಿ ಜೀರ್ಣವಾಗುವಂತಾಗುತ್ತದೆ. ಆರುವಾಗ ಮತ್ತೆ ಹೆಣೆದುಕೊಂಡ ಅಮೈಲೋಸ್‌ನಲ್ಲಿ ಒಂದಿಷ್ಟು ಪಾಲು ಹೊಸದಾಗಿ ನಿರೋಧಕವಾಗುತ್ತದೆ, ಅಷ್ಟೆ. ಈ ಹೊಸ ಹೆಣಿಗೆ ಕರಗಲು 120 ಡಿಗ್ರಿಗೂ ಹೆಚ್ಚಿನ ಶಾಖ ಬೇಕಾದ್ದರಿಂದ ಕಾವಲಿಯ ಮೇಲೆ ಮತ್ತೆ ಬಿಸಿಯಾದರೂ ಹೂರಣದೊಳಗೆ ಅದು ಉಳಿದುಕೊಳ್ಳುತ್ತದೆ. ಒಂದು ಪರಾಠಕ್ಕೆ 30 ಗ್ರಾಂ ಗೋಧಿ ಹಿಟ್ಟು, 40 ಗ್ರಾಂ ಬೆಂದ ಬಾಳೆಕಾಯಿ ಎಂದು ಲೆಕ್ಕ ಹಿಡಿದರೆ, ಹಿಟ್ಟಿನಿಂದ ಸುಮಾರು 20 ಗ್ರಾಂ ಪಿಷ್ಟ ಬರುತ್ತದೆ, ಕಾಯಿಯಿಂದ ಸುಮಾರು 10 ಗ್ರಾಂ. ಈ ಅನುಪಾತವನ್ನು ತುಸುವಾದರೂ ಕಾಯಿಯ ಕಡೆಗೆ ತಿರುಗಿಸಬೇಕೆಂದಿದ್ದರೆ ಕಣಕವನ್ನು ತೆಳುವಾಗಿಸಿ ಹೂರಣವನ್ನು ಹೆಚ್ಚಿಸಬೇಕು, ಮತ್ತು ಹಿಂದಿನ ಸಂಜೆಯೇ ಬೇಯಿಸಿ ಫ್ರಿಜ್‌ನಲ್ಲಿಟ್ಟ ಕಾಯಿಯ ಒಣ ತುರಿಯಿದ್ದರೆ ಮಾತ್ರ ಅಷ್ಟು ತೆಳುವಾದ ಕಣಕ ಹರಿಯದೆ ನಿಲ್ಲುತ್ತದೆ.