ಕಲ್ಲಿಗಿಂತ ಮೊದಲು ಅದರ ನೆರಳು ನೋಡಿ

ಹೊಟ್ಟೆಯ ಅಲ್ಟ್ರಾಸೌಂಡ್ ಮಾಡುವುದನ್ನು ಕಲಿಯತೊಡಗಿದ ಮೊದಲ ವಾರದಲ್ಲೇ ನನಗೊಂದು ಪಿತ್ತಕೋಶದ ಕಲ್ಲು ಸಿಕ್ಕಿತ್ತು. ಬಲ ಪಕ್ಕೆಲುಬಿನ ಅಂಚಿನ ಕೆಳಗೆ ಪ್ರೋಬ್, ಅಂದರೆ ಮೈಗೆ ಒತ್ತಿ ಹಿಡಿಯುವ ಸಾಧನ, ಇಟ್ಟಿದ್ದೆ. ಪರದೆಯ ಮೇಲೆ ಪೇರ್ ಹಣ್ಣಿನಾಕಾರದ ಕಪ್ಪು ಚೀಲ, ಅದರ ಮಗ್ಗುಲಲ್ಲಿ ಬೆಳ್ಳಗೆ ಹೊಳೆಯುವ ಬಾಗಿದ ಗೆರೆ, ಗೆರೆಯ ಹಿಂದೆ ನೆರಳು. ‘ಕಲ್ಲು’ ಎಂದೆ. ಹಿಂದೆ ನಿಂತಿದ್ದ ಸೀನಿಯರ್, ‘ಕೈ ಅಲ್ಲಾಡಿಸಬೇಡ, ಹತ್ತು ಸೆಕೆಂಡ್ ಸುಮ್ಮನೆ ನೋಡು’ ಎಂದರು. ನೋಡುತ್ತಿದ್ದಂತೆ ನನ್ನ ಕಲ್ಲು ಹುಳುವಿನ ಹಾಗೆ ಮುದುಡಿ, ಹಿಗ್ಗಿ, ಮುಂದಕ್ಕೆ ಸರಿಯಿತು. ಅದು ಡುವೊಡಿನಮ್, ಸಣ್ಣ ಕರುಳಿನ ಮೊದಲ ತುಂಡು. ಒಳಗಿದ್ದದ್ದು ಬರೀ ಗಾಳಿ. ‘ನೆರಳು ಕೊಳಕಾಗಿದೆ, ಕಾಣಲಿಲ್ಲವಾ?’ ಎಂದು ಅವರು ಕೇಳಿದರು.

ಕೊಳಕು ನೆರಳು! ಈ ಒಂದು ಮಾತು ಹಿಡಿದುಕೊಂಡು ಹೋದರೆ ಅಲ್ಟ್ರಾಸೌಂಡಿನ ಅರ್ಧ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಸ್ಕ್ಯಾನಿಂಗ್ ಎಂದರೆ ಹೊಟ್ಟೆಯೊಳಗಿನ ಫೋಟೋ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಎಕ್ಸ್‌ರೇಯಂತೆ ಕಿರಣ ಬಿಡುತ್ತಾರೆ, ಹೆಚ್ಚು ಸಲ ಮಾಡಿಸಿದರೆ ಮೈಗೆ ಕೇಡು ಎಂಬ ಭಯ ಬೇರೆ. ಇಲ್ಲಿ ಎಕ್ಸ್‌ರೇ ಇಲ್ಲ, ವಿಕಿರಣವೂ ಇಲ್ಲ. ಇರುವುದು ಧ್ವನಿ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಬಲ್ಲದು. ಹೊಟ್ಟೆಗೆ ಬಳಸುವ ಪ್ರೋಬ್ ಸೆಕೆಂಡಿಗೆ ಸುಮಾರು 20ರಿಂದ 50 ಲಕ್ಷ ಸಲ ಕಂಪಿಸುತ್ತದೆ. ವಿದ್ಯುತ್ ಕೊಟ್ಟರೆ ನಡುಗುವ, ನಡುಗಿಸಿದರೆ ವಿದ್ಯುತ್ ಕೊಡುವ ಹರಳುಗಳು ಅದರ ತುದಿಯಲ್ಲಿವೆ. ಒತ್ತಿದರೆ ಹರಳಿನಲ್ಲಿ ವಿದ್ಯುತ್ ಹುಟ್ಟುತ್ತದೆಂದು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡಿದ್ದರು. ಮೈಗೆ ಬಳಿಯುವ ತಣ್ಣನೆಯ ಜೆಲ್ ಕೂಡ ಔಷಧಿಯಲ್ಲ. ಚರ್ಮಕ್ಕೂ ಪ್ರೋಬಿಗೂ ನಡುವೆ ಕಾಗದದಷ್ಟು ತೆಳ್ಳಗೆ ಗಾಳಿ ಉಳಿದರೂ ಶೇ. 99ಕ್ಕಿಂತ ಹೆಚ್ಚು ಧ್ವನಿ ಅಲ್ಲಿಂದಲೇ ವಾಪಸಾಗುತ್ತದೆ. ಆ ಗಾಳಿಯನ್ನು ಹೊರದಬ್ಬುವುದಷ್ಟೇ ಜೆಲ್‌ನ ಕೆಲಸ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುವುದಕ್ಕೂ ಅರ್ಧ ಕಾರಣ ಗಾಳಿಯೇ, ಕರುಳಿನ ಗಾಳಿ. ಇನ್ನರ್ಧ ಪಿತ್ತಕೋಶ: ಉಂಡ ಮೇಲೆ ಅದು ಹಿಂಡಿಕೊಂಡು ಕುಗ್ಗಿಬಿಡುತ್ತದೆ.

ಯಂತ್ರ ಒಂದು ಕ್ಷಣ ಕೂಗಿ, ಉಳಿದ ಹೊತ್ತೆಲ್ಲ ಕಿವಿಗೊಟ್ಟು ಕೂರುತ್ತದೆ. ಬಾವಿಗೆ ಬಗ್ಗಿ ಕೂಗಿದವನು ಮರುದನಿ ಬರಲು ಹಿಡಿದ ಹೊತ್ತಿನಿಂದ ನೀರು ಎಷ್ಟು ಆಳದಲ್ಲಿದೆಯೆಂದು ಊಹಿಸುವುದಿಲ್ಲವೇ, ಹಾಗೆ. ಮೈಯ ಮೃದು ಅಂಗಾಂಶದಲ್ಲಿ ಧ್ವನಿ ಸೆಕೆಂಡಿಗೆ 1540 ಮೀಟರ್ ಓಡುತ್ತದೆ ಎಂದು ಯಂತ್ರಕ್ಕೆ ಹೇಳಿಕೊಟ್ಟಿದ್ದಾರೆ. ಅಂದರೆ ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ 13 ಪಾಲು. ಮರುದನಿ ಅಂಥ 130 ಪಾಲು ಕಳೆದು ಬಂತೋ, 10 ಸೆಂಟಿಮೀಟರ್ ಆಳದಲ್ಲಿ ಒಂದು ಚುಕ್ಕಿ ಇಡು. ಜೋರಾಗಿ ಬಂದರೆ ಬಿಳಿ ಚುಕ್ಕಿ, ಕ್ಷೀಣವಾದರೆ ಬೂದು, ಬಾರದಿದ್ದರೆ ಕಪ್ಪು. ಇಂಥ ಚುಕ್ಕಿಗಳ ಸಾಲು ನೂರಕ್ಕೂ ಹೆಚ್ಚು ಸೇರಿದರೆ ಒಂದು ಚಿತ್ರ.

ಯಂತ್ರ ನಂಬಿಕೊಂಡಿರುವುದು ಇಷ್ಟೇ: ಧ್ವನಿ ನೇರ ಹೋಗುತ್ತದೆ, ಒಂದೇ ವೇಗದಲ್ಲಿ ಹೋಗುತ್ತದೆ, ಒಮ್ಮೆ ಮಾತ್ರ ತಾಗಿ ಮರಳುತ್ತದೆ. ನಂಬಿಕೆ ಮುರಿದಲ್ಲೆಲ್ಲ ಅದು ಸುಳ್ಳು ಚಿತ್ರ ಬರೆಯುತ್ತದೆ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಮೇಲೆ, ಶ್ವಾಸಕೋಶ ಇರಬೇಕಾದ ಜಾಗದಲ್ಲಿ, ಇನ್ನೊಂದು ಯಕೃತ್ತು ಕಾಣುತ್ತದೆ! ಗಾಳಿ ತುಂಬಿದ ಶ್ವಾಸಕೋಶಕ್ಕೆ ತಾಗಿಕೊಂಡ ವಪೆ ಕನ್ನಡಿಯಂತೆ ಧ್ವನಿಯನ್ನು ತಿರುಗಿಸಿ ಯಕೃತ್ತಿಗೇ ಕಳಿಸುತ್ತದೆ. ಸುತ್ತುಬಳಸಿ ಬಂದ ಆ ದನಿ ತಡವಾಗಿ ಮುಟ್ಟುತ್ತದೆ. ತಡವಾಗಿದ್ದರಿಂದ ಆಳದ್ದಿರಬೇಕು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಕನ್ನಡಿಯಲ್ಲಿ ಕಂಡವನನ್ನು ಗೋಡೆಯಾಚೆ ನಿಂತಿದ್ದಾನೆಂದು ಮಗು ಹುಡುಕಿದಂತೆ.

ಈಗ ನೆರಳಿಗೆ ಬರೋಣ. ಕಲ್ಲು ತನಗೆ ಬಡಿದ ಧ್ವನಿಯಲ್ಲಿ ಒಂದಷ್ಟನ್ನು ಹಿಂದಕ್ಕೆಸೆಯುತ್ತದೆ, ಮಿಕ್ಕದ್ದನ್ನು ಹೀರಿಕೊಳ್ಳುತ್ತದೆ. ಆಚೆಗೆ ಏನೂ ದಾಟುವುದಿಲ್ಲವಾದ್ದರಿಂದ ನೆರಳು ಶುದ್ಧ ಕಪ್ಪು, ಅಂಚು ಕತ್ತರಿಸಿದಂತೆ ಸ್ಪಷ್ಟ. ಗಾಳಿ ಹಾಗಲ್ಲ. ಹೆಚ್ಚುಕಮ್ಮಿ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ. ಆ ದನಿ ಪ್ರೋಬಿಗೆ ಬಡಿದು ಮತ್ತೆ ಗಾಳಿಗೆ, ಅಲ್ಲಿಂದ ಮತ್ತೆ ಪ್ರೋಬಿಗೆ, ಎದುರುಬದುರು ಗೋಡೆಗಳ ನಡುವೆ ಸಿಕ್ಕ ಚೆಂಡಿನಂತೆ ಪುಟಿಯುತ್ತದೆ. ತಡವಾಗಿ ಬಂದ ಈ ದನಿಗಳನ್ನೆಲ್ಲ ಯಂತ್ರ ನೆರಳಿನೊಳಗೆ ಬೂದು ಮಂಜಾಗಿ ಎರಚುತ್ತದೆ. ಅದೇ ಕೊಳಕು. ನೀರು ಇದಕ್ಕೆ ತೀರ ತಿರುಗುಮುರುಗು: ಪಿತ್ತರಸದಂಥ ದ್ರವದಲ್ಲಿ ಧ್ವನಿ ಹೆಚ್ಚುಕಮ್ಮಿ ಸೊರಗುವುದೇ ಇಲ್ಲ, ಹಾಗಾಗಿ ದ್ರವದ ಚೀಲದ ಹಿಂದಿನ ಭಾಗ ಅಕ್ಕಪಕ್ಕಕ್ಕಿಂತ ಬೆಳ್ಳಗಿರುತ್ತದೆ.

ಗೆಡ್ಡೆಯೊಳಗಿರುವುದು ನೀರೋ ಮಾಂಸವೋ ಎಂಬ ಈ ವ್ಯತ್ಯಾಸಕ್ಕೆ ಈ ವಿದ್ಯೆಯ ಬೆಳವಣಿಗೆಯಲ್ಲಿ ದೊಡ್ಡ ಪಾತ್ರವಿದೆ. ಗ್ಲಾಸ್ಗೋದ ಸ್ತ್ರೀರೋಗ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಬಾಯ್ಲರ್ ಕಾರ್ಖಾನೆಯೊಂದಕ್ಕೆ ಹೋದರು. ಅಲ್ಲಿ ಲೋಹದೊಳಗಿನ ಬಿರುಕು ಹುಡುಕಲು ಶ್ರವಣಾತೀತ ಧ್ವನಿಯ ಯಂತ್ರವಿತ್ತು. ಹೋಲಿಸಿ ನೋಡಲು ಒಂದು ದೊಡ್ಡ ಮಾಂಸದ ತುಂಡನ್ನೂ ಇಟ್ಟಿದ್ದರು. ನೀರ್ಗುಳ್ಳೆಯ ಮರುದನಿಯೂ ಗಟ್ಟಿ ಗೆಡ್ಡೆಯ ಮರುದನಿಯೂ ಬೇರೆಬೇರೆಯಾಗಿದ್ದವು. ಮುಂದೆ, ವಾಸಿಯಾಗದ ಹೊಟ್ಟೆಯ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಮಹಿಳೆಯೊಬ್ಬರಲ್ಲಿ ಅವರ ಯಂತ್ರ ದೊಡ್ಡದೊಂದು ನೀರ್ಗುಳ್ಳೆಯನ್ನು ತೋರಿಸಿತು. ಅದನ್ನು ತೆಗೆದರು, ಆಕೆ ಬದುಕಿದರು. ಡೊನಾಲ್ಡ್, ವೈದ್ಯ ಮ್ಯಾಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಅವರ ಪ್ರಬಂಧ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು.

‘ಸ್ಕ್ಯಾನಿಂಗ್ ನಾರ್ಮಲ್, ಹಾಗಾಗಿ ಹೊಟ್ಟೆಯಲ್ಲಿ ಏನೂ ಇಲ್ಲ’ ಎನ್ನುವವರಿಗೂ ಒಂದು ಮಾತು ಹೇಳಬೇಕು. ಜಠರದ ಹುಣ್ಣು ಇದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಗಾಳಿಯ ಹಿಂದೆ ಅವಿತ ಮೇದೋಜೀರಕವೂ ಎಷ್ಟೋ ಸಲ ಕಾಣುವುದಿಲ್ಲ. ಕೈ ಹೇಗೋ ಚಿತ್ರವೂ ಹಾಗೆ. ಪ್ರೋಬನ್ನು ಎರಡು ಡಿಗ್ರಿ ವಾಲಿಸಿದರೆ ಇದ್ದದ್ದು ಮಾಯವಾಗುತ್ತದೆ. ಉಸಿರು ಎಳೆದು ಹಿಡಿಯಲು ಹೇಳಿದರೆ ಯಕೃತ್ತು ಪಕ್ಕೆಲುಬಿನಿಂದ ಕೆಳಗಿಳಿದು ಕಿಟಕಿ ತೆರೆದುಕೊಡುತ್ತದೆ.

ಕೆಲವು ತಿಂಗಳ ನಂತರ, ಊಟವಾದ ಮೇಲೆಲ್ಲ ಬಲಪಕ್ಕೆ ಹಿಡಿದುಕೊಳ್ಳುವ ನೋವಿನವರೊಬ್ಬರು ಬಂದರು. ಪಿತ್ತಕೋಶದ ಕತ್ತಿನ ಬಳಿ ಮೂರ್ನಾಲ್ಕು ಮಿಲಿಮೀಟರಿನ ಬಿಳಿ ಚುಕ್ಕಿ. ನೆರಳಿಲ್ಲ. ಪ್ರೋಬಿನಿಂದ ಕೋಲಿನಂತೆ ಹೊರಡುವ ಧ್ವನಿ ಕಲ್ಲಿಗಿಂತ ದಪ್ಪವಾಗಿದ್ದರೆ ಅದು ಎರಡೂ ಬದಿಯಿಂದ ಸೋರಿ ನೆರಳನ್ನು ಅಳಿಸಿಬಿಡುತ್ತದೆ. ಕೋಲು ಅತ್ಯಂತ ತೆಳ್ಳಗಿರುವುದು ಫೋಕಸ್ ಇಟ್ಟ ಆಳದಲ್ಲಿ. ಫೋಕಸನ್ನು ಚುಕ್ಕಿಯ ಮಟ್ಟಕ್ಕೆ ತಂದು, ಕಂಪನಾಂಕವನ್ನು ಒಂದು ಹಂತ ಏರಿಸಿದೆ. ಚುಕ್ಕಿಯ ಕೆಳಗೆ ದಾರದಂಥ ಕಪ್ಪು ಗೆರೆ ಇಳಿಯಿತು. ‘ಎಡ ಮಗ್ಗುಲಿಗೆ ಹೊರಳಿ’ ಎಂದೆ. ಅವರು ಹೊರಳಿದರು. ಚುಕ್ಕಿ ಕತ್ತಿನಿಂದ ಜಾರಿ ಚೀಲದೊಳಕ್ಕೆ ಉರುಳಿತು, ದಾರವೂ ಅದರ ಜೊತೆಗೇ ಹೋಯಿತು.