ಪದ ಪರಿಚಯ: ಜೈಲಿನಿಂದ ‘ಬಿಡುಗಡೆ’

‘ಜೈಲಿನಿಂದ ಬಿಡುಗಡೆಯಾಗಿ ಬಂದ ಗಂಡನಿಂದ ಹೆಂಡತಿ ಕೊಲೆ.’ ಈ ತಲೆಬರಹ ನೀವೂ ಓದಿರುತ್ತೀರಿ. ಊರಿನ ಹೆಸರು ಬದಲಾಗುತ್ತದೆ, ಕೊಡಲಿ ಇದ್ದಲ್ಲಿ ಕುಡಗೋಲು ಬರುತ್ತದೆ, ‘ಬಿಡುಗಡೆ’ ಮಾತ್ರ ಅಲ್ಲೇ ಇರುತ್ತದೆ. ಸುದ್ದಿಯ ಒಳಗೆ ನಾಲ್ಕನೆಯ ಸಾಲಿಗೆ ಹೋದರೆ ತಿಳಿಯುತ್ತದೆ, ಅವನು ಬಂದದ್ದು ಜಾಮೀನಿನ ಮೇಲೆ. ಅದೂ ಅವಳೇ ಕೊಟ್ಟ ಹಲ್ಲೆಯ ಕೇಸಿನಲ್ಲಿ. ಅಂದರೆ ಕೇಸು ಇನ್ನೂ ನಡೆಯುತ್ತಿತ್ತು. ಇದನ್ನು ಬಿಡುಗಡೆ ಅಂದರೆ ಹೇಗೆ? ಮೊನ್ನೆ ಇನ್ನೊಮ್ಮೆ ಅದೇ ಪದ ಅದೇ ಜಾಗದಲ್ಲಿ ಕಂಡಾಗ, ಇನ್ನು ಸುಮ್ನೆ ಇರಬಾರದು ಅನಿಸಿತು.

ಆಲಮಟ್ಟಿಯಿಂದ ನೀರು ಬಿಡುಗಡೆ ಮಾಡಿದರು ಅನ್ನುತ್ತೇವೆ. ಸರಿಯಾದ ಮಾತು. ಬಿಟ್ಟ ನೀರು ನಾರಾಯಣಪುರದ ಕಡೆ ಹೋಯಿತು, ಮತ್ತೆ ಗೇಟಿಗೆ ಬರುವುದಿಲ್ಲ. ಅನುದಾನ ಬಿಡುಗಡೆ, ಪುಸ್ತಕ ಬಿಡುಗಡೆ, ಎಲ್ಲದರಲ್ಲೂ ಇದೇ ಅರ್ಥ. ಕೈಬಿಟ್ಟಾಯಿತು, ಇನ್ನು ನಮ್ಮ ಹಿಡಿತದಲ್ಲಿಲ್ಲ. ಜಾಮೀನಿನ ಮೇಲೆ ಬಂದವನ ವಿಷಯ ಹಾಗಲ್ಲ. ಹಗ್ಗ ಸ್ವಲ್ಪ ಉದ್ದ ಬಿಟ್ಟಿದ್ದಾರೆ ಅಷ್ಟೇ, ತುದಿ ಕೋರ್ಟಿನ ಕೈಯಲ್ಲೇ ಇದೆ. ಎಳೆಯಿರಿ ಅಂತ ಕೇಳುವ ಹಕ್ಕು ಆ ಹೆಂಡತಿಗೂ ಇದೆ.

ಪದ ತಪ್ಪಿದರೆ ಏನಾಗುತ್ತದೆ ಅಂತ ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಕಣ್ಣಾರೆ ನೋಡಿದ್ದೇನೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು ಬಟ್ಟೆ ಅಂಗಡಿಯ ಚೀಲದಿಂದ ಒಂದು ಕಾಗದ ತೆಗೆದು, ಓದಿ ಹೇಳ್ರಿ ಅಂದಳು. ನಾಲ್ಕು ಮಡಿಕೆ ಮಾಡಿ ಮಾಡಿ ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿತ್ತು. ಗಂಡನ ಜಾಮೀನು ಆದೇಶದ ನಕಲು. ಅವನು ಬಂದು ಎಂಟು ದಿನ ಆಗಿತ್ತು. ಹಿಂದಿನ ರಾತ್ರಿ ತವರುಮನೆಯ ಬಾಗಿಲಿಗೆ ಒದ್ದು, ಕೇಸ್ ವಾಪಸ್ ತಗೋ ಅಂತ ಕೂಗಿ ಹೋಗಿದ್ದ. ಸ್ಟೇಷನ್ನಿಗೆ ಹೋಗಿದ್ದೀರಾ ಅಂತ ಕೇಳಿದೆ. “ಬಿಡುಗಡೆ ಆಗಿ ಬಂದಾನ್ರಿ, ಕೇಸ್ ಮುಗದೈತಿ. ಇನ್ನ ಹೋಗಿ ಏನ್ ಮಾಡ್ಲಿ?” ಅಂದಳು. ಅವಳ ಕೈಯಲ್ಲಿದ್ದ ಕಾಗದದ ಎರಡನೆಯ ಷರತ್ತೇ, ಫಿರ್ಯಾದಿಯನ್ನಾಗಲಿ ಸಾಕ್ಷಿದಾರರನ್ನಾಗಲಿ ನೇರವಾಗಿ ಇಲ್ಲವೇ ಬೇರೆಯವರ ಮೂಲಕ ಬೆದರಿಸಬಾರದು ಅಂತ ಇತ್ತು. ಬಾಗಿಲಿಗೆ ಒದ್ದ ಆ ಹೊತ್ತಿಗೇ ಅವನು ಷರತ್ತು ಮುರಿದಿದ್ದ. ಅವಳಿಗೆ ಅದು ಗೊತ್ತಿರಲಿಲ್ಲ, ಯಾಕೆಂದರೆ ಊರಲ್ಲಿ ಎಲ್ಲರೂ ‘ಬಿಡುಗಡೆ’ ಅಂದಿದ್ದರು.

ಅವಳೊಬ್ಬಳ ಮಾತಲ್ಲ ಇದು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು, ಅಂದರೆ ಕೇಸು ಇನ್ನೂ ತೀರ್ಮಾನವಾಗದವರು. ಹಾಗಾಗಿ ಬೆಳಗಾವಿಯ ಹಿಂಡಲಗಾದಿಂದಾಗಲಿ, ವಿಜಯಪುರದ ದರ್ಗಾ ಜೈಲಿನಿಂದಾಗಲಿ ಚೀಲ ಹಿಡಿದು ಹೊರಗೆ ಬರುವವರಲ್ಲಿ ಶಿಕ್ಷೆ ಮುಗಿಸಿದವರಿಗಿಂತ ಜಾಮೀನಿನವರೇ ಜಾಸ್ತಿ.

ಈಗ ಜಾಮೀನು ಅನ್ನುವ ಪದಕ್ಕೆ ಬರೋಣ. ಇದನ್ನು ‘ಜಮೀನು’ ಅಂತ ಬರೆಯುವವರು ಎಷ್ಟು ಮಂದಿ! ‘ಆರೋಪಿಗೆ ಜಮೀನು ಮಂಜೂರು’ ಅಂತ ಅಚ್ಚಾಗಿದ್ದನ್ನೂ ಕಂಡಿದ್ದೇನೆ. ಬೆರಳು ತಪ್ಪಿ ಒಂದು ದೀರ್ಘ ಬಿಟ್ಟುಹೋಯಿತು ಅನ್ನಬಹುದು. ಆದರೆ ನಮ್ಮ ಕಡೆ ಈ ಗೊಂದಲಕ್ಕೆ ಬೇರೊಂದು ಕಾರಣವೂ ಇದೆ. ಜಾಮೀನು ಕೊಡಲು ಹೋಗುವವರು ಹೊಲದ ಉತಾರ ತಗೊಂಡು ಹೋಗುತ್ತಾರೆ. ಹೊಲದ ಕಾಗದ ತೋರಿಸಿದರೆ ಮನುಷ್ಯನನ್ನು ಬಿಡುತ್ತಾರೆ, ಆದ್ದರಿಂದ ಇದು ಜಮೀನಿಗೆ ಸಂಬಂಧಪಟ್ಟ ಪದ ಅಂತ ಬಹಳ ಜನ ನಂಬಿದ್ದಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಜಮೀನು ಫಾರ್ಸಿಯ ‘ಝಮೀನ್’, ಅಂದರೆ ನೆಲ. ಜಾಮೀನು ಅರಬಿಯ ‘ದಾಮಿನ್’. ಅದು ಫಾರ್ಸಿಯವರ ಬಾಯಲ್ಲಿ ‘ಝಾಮಿನ್’ ಆಗಿ, ಮರಾಠಿಯಲ್ಲಿ ‘ಜಾಮೀನ್’ ಆಗಿ ನಮಗೆ ಬಂತು. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ನೆಲ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಫಿರ್ಯಾದಿ, ಪಂಚನಾಮೆ, ಜಪ್ತಿ, ತಾರೀಖು ಎಲ್ಲ ನಮ್ಮ ಮನೆಮಾತಾಗಿದ್ದು ಆ ಕಚೇರಿಗಳ ಒಡನಾಟದಿಂದಲೇ.

‘ದಾಮಿನ್’ ಅಂದರೆ ಕಾಗದ ಅಲ್ಲ, ದುಡ್ಡೂ ಅಲ್ಲ. ಹೊಣೆ ಹೊತ್ತ ಮನುಷ್ಯ. ಪದದ ಮೊದಲ ಅರ್ಥವೇ ಒಬ್ಬ ವ್ಯಕ್ತಿ. ನಮ್ಮ ಹಳ್ಳಿಯ ಮಾತಿನಲ್ಲಿ ಈ ಅರ್ಥ ಇನ್ನೂ ಜೀವಂತವಾಗಿದೆ. ‘ಅವ್ಗ ನಾ ಜಾಮೀನ ನಿಂತೀನಿ’ ಅನ್ನುತ್ತೇವೆ. ಕಾಗದ ನಿಲ್ಲುವುದಿಲ್ಲ, ಮನುಷ್ಯ ನಿಲ್ಲುತ್ತಾನೆ. ಕನ್ನಡದ್ದೇ ಪದ ಬೇಕಂದರೆ ‘ಹೊಣೆ’ ಇದೆ. ಹಳಗನ್ನಡದಲ್ಲಿ ‘ಪೊಣೆ’, ತಮಿಳಿನಲ್ಲಿ ‘ಪಿಣೈ’. ಇವತ್ತು ‘ಹೊಣೆ’ ಅಂದರೆ ಬರೀ ಜವಾಬ್ದಾರಿ ಅಂತ ಆಗಿದೆ, ಆದರೆ ಕಿಟೆಲ್ ನಿಘಂಟು ತೆರೆದರೆ ಈ ಹಳೆಯ ಅರ್ಥ ಅಲ್ಲೇ ಸಿಗುತ್ತದೆ.

ಇಷ್ಟೊಂದು ಹೇಳಲು ಕಾರಣ ಇದೆ. ಜಾಮೀನು ಕೊಡುವ ದಿನ ಕೋರ್ಟ್ ಹಾಲಿನಲ್ಲಿ ಒಮ್ಮೆ ನಿಂತು ನೋಡಿ. ಟೋಪಿ ತೆಗೆದು ಕೈಯಲ್ಲಿ ಹಿಡಿದ ಒಬ್ಬ ರೈತ ಕಟಕಟೆಗೆ ಬರುತ್ತಾನೆ. ಉತಾರ, ಆಧಾರ್, ಫೋಟೋ ಅಂಟಿಸಿದ ಪ್ರಮಾಣಪತ್ರ. ಆರೋಪಿ ನಿಮಗೆ ಏನಾಗಬೇಕು, ಎಷ್ಟು ವರ್ಷದಿಂದ ಗೊತ್ತು, ಅವನು ಬರದಿದ್ದರೆ ನೀವು ಹಣ ಕಟ್ಟಬೇಕು ತಿಳಿದಿದೆಯಾ ಅಂತ ಕೇಳುತ್ತಾರೆ. ಹೂಂ ಅನ್ನುತ್ತಾನೆ, ಹೆಬ್ಬೆಟ್ಟು ಒತ್ತುತ್ತಾನೆ. ಅವನು ಒಪ್ಪಿಕೊಂಡದ್ದು ಮುಖ್ಯವಾಗಿ ಒಂದೇ: ತಾರೀಖಿಗೆ ಆರೋಪಿ ಹಾಜರಾಗುತ್ತಾನೆ. ಮನೆಯಲ್ಲಿ ಹೆಂಡತಿ ಮೇಲೆ ಕೈ ಮಾಡುವುದಿಲ್ಲ ಅಂತ ಅವನೇನೂ ಕಾಯಲು ನಿಂತಿಲ್ಲ. ‘ಇಂಥ ದೊಡ್ಡ ಮನುಷ್ಯ ಜಾಮೀನು ನಿಂತಾನ, ಇನ್ನ ಹೊಡೆಯೂದಿಲ್ಲ’ ಅಂತ ಹಿರಿಯರು ಹೆಣ್ಣುಮಕ್ಕಳಿಗೆ ಧೈರ್ಯ ಹೇಳುತ್ತಾರಲ್ಲ, ಆ ಧೈರ್ಯಕ್ಕೆ ಕಾಗದದಲ್ಲಿ ಆಧಾರ ಇಲ್ಲ.

ಆದರೆ ಮನುಷ್ಯ ನಿಂತಿದ್ದಾನೆ ಅಂದಮೇಲೆ ಹಿಂದೆಯೂ ಸರಿಯಬಹುದು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಜಾಮೀನುದಾರ ಯಾವಾಗ ಬೇಕಾದರೂ ಕೋರ್ಟಿಗೆ ಅರ್ಜಿ ಕೊಟ್ಟು, ನನ್ನನ್ನು ಈ ಹೊಣೆಯಿಂದ ಬಿಡಿಸಿ ಅನ್ನಬಹುದು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 489ನೇ ಕಲಂ ಅದು. ಅರ್ಜಿ ಬಂದರೆ ಕೋರ್ಟು ಆರೋಪಿಯನ್ನು ಕರೆತರಲು ವಾರಂಟ್ ಹೊರಡಿಸುತ್ತದೆ. ಅವನು ಬೇರೆ ಜಾಮೀನುದಾರನನ್ನು ತರಬೇಕು, ಇಲ್ಲದಿದ್ದರೆ ಒಳಗೆ. ಬಸ್ ಸ್ಟ್ಯಾಂಡಿನ ಆ ಹೆಣ್ಣುಮಗಳ ಗಂಡನಿಗೆ ಜಾಮೀನು ನಿಂತವನು ಯಾರು ಗೊತ್ತಾ? ಅವಳ ಸ್ವಂತ ಅಣ್ಣ. ಮನೆ ನಡೀಬೇಕಲ್ಲ ಅಂತ ಹಿರಿಯರು ಕೂತು ಒಪ್ಪಿಸಿದ್ದರು. ಒದೆ ತಿಂದ ಬಾಗಿಲೂ ಆ ಅಣ್ಣನದೇ. ಹಿಂದೆ ಸರಿಯುವ ದಾರಿ ಇದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಜಾಮೀನು ರದ್ದು ಮಾಡಿಸುವುದು ಇನ್ನೊಂದು ದಾರಿ. ಷರತ್ತು ಮುರಿದರೆ ಸರ್ಕಾರಿ ವಕೀಲರ ಮೂಲಕವೋ, ತಾನೇ ವಕೀಲರನ್ನಿಟ್ಟೋ ನೊಂದವಳು ಕೇಳಬಹುದು. ಜಾಮೀನು ಕೊಟ್ಟ ಕೋರ್ಟಿನಲ್ಲಿ, ಸೆಷನ್ಸ್ ಕೋರ್ಟಿನಲ್ಲಿ ಅಥವಾ ಹೈಕೋರ್ಟಿನಲ್ಲಿ. ಹೈಕೋರ್ಟ್ ಅಂದರೆ ಬೆಂಗಳೂರಿಗೆ ಓಡಬೇಕಿಲ್ಲ. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ರೈತರ ಮೇಲೆ ವಾಹನ ಹರಿದ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಜಾಮೀನಿನ ವಿಚಾರಣೆಯಲ್ಲೂ ನೊಂದವರ ಮಾತು ಕೇಳಬೇಕು ಅಂತ. ವಕೀಲರ ಫೀ ಎಲ್ಲಿಂದ ಅಂದರೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಅದರ ಕಚೇರಿ ಕೋರ್ಟ್ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100.

60 ಅಥವಾ 90 ದಿನದಲ್ಲಿ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಸಿಗುವ ಜಾಮೀನೂ ಜಾಮೀನೇ. ‘ಪುರಾವೆ ಇರಲಿಲ್ಲ, ಬಿಟ್ಟರು’ ಅಂತ ಅದನ್ನು ಓದಬಾರದು. ಗಡುವು ತಪ್ಪಿತು, ಅಷ್ಟೇ.

ಇನ್ನು ಪೆರೋಲ್. ಇದು ಶಿಕ್ಷೆ ಆದವನಿಗೆ. ಫ್ರೆಂಚ್ ಪದ, ಅರ್ಥ ‘ಮಾತು’. ಸೆರೆಸಿಕ್ಕ ಸೈನಿಕ, ತಿರುಗಿ ಬರುತ್ತೇನೆ ಅಂತ ಮಾತು ಕೊಟ್ಟು ಹೋಗುತ್ತಿದ್ದ ಕಾಲದಿಂದ ಬಂದದ್ದು. ಜಾಮೀನಿನಲ್ಲಿ ಇನ್ನೊಬ್ಬನ ಮಾತಿನ ಮೇಲೆ ಕಳಿಸುತ್ತಾರೆ, ಪೆರೋಲ್ ಅನ್ನುವ ಪದದಲ್ಲಿ ಅವನದೇ ಮಾತು ಇದೆ. ಪೆರೋಲಿನ ಮೇಲೆ ಬಂದವನು ಇವತ್ತಿಗೂ ಕೈದಿಯೇ. ತಾಯಿಗೆ ಹುಷಾರಿಲ್ಲ, ಹೊಲ ಬಿತ್ತಬೇಕು ಅಂತ ಕೆಲವು ದಿನ ಕಳಿಸಿರುತ್ತಾರೆ, ಆ ದಿನಗಳು ಸಾಮಾನ್ಯವಾಗಿ ಶಿಕ್ಷೆಯ ಲೆಕ್ಕಕ್ಕೆ ಸೇರುವುದಿಲ್ಲ. ಕಳಿಸುವ ಮುಂಚೆ ಊರಿನ ಪೊಲೀಸರಿಂದ ವರದಿ ತರಿಸುತ್ತಾರೆ. ಪೇದೆ ಬಂದು ವಿಚಾರಿಸುವ ಆ ಹೊತ್ತೇ ಮುಖ್ಯ. ಗಂಡ ಹೊರಗೆ ಬಂದರೆ ನನ್ನ ಜೀವಕ್ಕೆ ಅಪಾಯ ಇದೆ ಅಂತ ಹೆಂಡತಿ ಆಗಲೇ ಹೇಳಬೇಕು, ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಡಬೇಕು. ಪೆರೋಲಿನ ಮೇಲೆ ಬಂದು ಕೊಂದ ಅಂತ ಸುದ್ದಿ ಬರೆಯುವಾಗ ‘ಬಿಡುಗಡೆಯಾಗಿದ್ದ’ ಅಂದರೆ ಕಾನೂನಿನ ಲೆಕ್ಕವೂ ತಪ್ಪುತ್ತದೆ. ಜೀವಾವಧಿ ಶಿಕ್ಷೆಯಲ್ಲಿರುವವನು ಕೊಲೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆಯೇ ಕಲಂ ಇದೆ, 104. ಗಲ್ಲು, ಇಲ್ಲವೇ ಉಸಿರು ಇರುವವರೆಗೆ ಜೈಲು.

ಮುಚ್ಚಳಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಸ್ಟೇಷನ್ನಾಗ ಮುಚ್ಚಳಿಕೆ ಬರಕೊಟ್ಟಾನ, ಕೇಸ್ ಮುಚ್ಚಿತು’ ಅನ್ನುತ್ತಾರೆ. ಈ ಪದಕ್ಕೂ ಮುಚ್ಚುವುದಕ್ಕೂ ನಂಟಿಲ್ಲ, ಮುಚ್ಚಳಕ್ಕೂ ಇಲ್ಲ. ತುರ್ಕಿ ಮೂಲದ ‘ಮುಚಲ್ಕಾ’, ಅಂದರೆ ಬರೆದುಕೊಟ್ಟ ಕರಾರು. ನಮ್ಮ ಕಿವಿಗೆ ಮುಚ್ಚಳ ಕೇಳಿಸಿತು, ನಾವು ಹಾಗೇ ಬರೆದುಕೊಂಡೆವು. ಕರಾರು ಬರೆದ ದಿನದಿಂದ ಅವನ ಮೇಲೆ ಕಟ್ಟು ಶುರುವಾಗುತ್ತದೆ. ಅದರ ಒಂದು ಪ್ರತಿ ಹೆಂಡತಿಯ ಕೈಯಲ್ಲೂ ಇರಬೇಕು.

ಖುಲಾಸೆ ಅಂದರೆ ವಿಚಾರಣೆ ಮುಗಿದು ನಿರ್ದೋಷಿ ಅಂತ ತೀರ್ಪು ಬಂದದ್ದು. ಬೆಳಗಾವಿಯ ಮರಾಠಿ ಓದುಗರಿಗೆ ‘ಖುಲಾಸಾ’ ಅಂದರೆ ವಿವರಣೆ, ಸ್ಪಷ್ಟೀಕರಣ. ಕನ್ನಡದ ಕೋರ್ಟ್ ಸುದ್ದಿಯಲ್ಲಿ ಆ ಅರ್ಥ ಇಲ್ಲ. ಆರೋಪಮುಕ್ತ ಅಂದರೆ ವಿಚಾರಣೆ ಶುರುವಾಗುವ ಮುಂಚೆಯೇ ಕೈಬಿಟ್ಟದ್ದು. ಈ ಎರಡನ್ನೂ ಒಂದರ ಜಾಗದಲ್ಲಿ ಇನ್ನೊಂದು ಬರೆಯುವುದು ನಿಲ್ಲಬೇಕು. ಮೇಲಿನ ಕೋರ್ಟಿನಲ್ಲಿ ಮೇಲ್ಮನವಿ ಇರುವಾಗ ಶಿಕ್ಷೆ ‘ಅಮಾನತು’ ಆಗಿ, ಅಂದರೆ ಸದ್ಯಕ್ಕೆ ತಡೆಹಿಡಿದದ್ದರಿಂದ ಬಂದವನು ಈ ಎರಡೂ ಅಲ್ಲ, ಅವನು ಶಿಕ್ಷೆಯಾದವನೇ.

ಸನ್ನಡತೆಯ ಮೇಲೆ, ಅಂದರೆ ಒಳ್ಳೆಯ ನಡತೆ ನೋಡಿ ಸರ್ಕಾರ ಅವಧಿಗೆ ಮುಂಚೆ ಬಿಟ್ಟದ್ದರಿಂದ ಬರುವವರ ವಿಷಯದಲ್ಲಿ ಒಂದೇ ತಕರಾರು. ‘ಹದಿನಾಲ್ಕು ವರ್ಷದ ಜೀವಾವಧಿ ಶಿಕ್ಷೆ ಮುಗಿಸಿ’ ಅಂತ ಬರೆಯುತ್ತಾರೆ. ಜೀವಾವಧಿ ಅಂದರೆ ಜೀವ ಇರುವ ಅವಧಿ. ಪದದಲ್ಲೇ ಇದೆ ಅಲ್ವಾ? 1961ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. 14 ವರ್ಷ ಅನ್ನುವುದು, ಕೊಲೆಯಂಥ ಕೇಸಿನಲ್ಲಿ ಅದಕ್ಕಿಂತ ಮೊದಲು ಸರ್ಕಾರ ತನ್ನ ಅಧಿಕಾರ ಬಳಸಿ ಬಿಡುವಂತಿಲ್ಲ ಅನ್ನುವ ಮಿತಿ. 14 ತುಂಬಿದ ಕೂಡಲೇ ಬಾಗಿಲು ತಾನಾಗಿ ತೆರೆಯುವುದಿಲ್ಲ.

ಹಾಗಾದರೆ ‘ಬಿಡುಗಡೆ’ ಎಲ್ಲಿ ಸರಿ? ಖುಲಾಸೆಯಾದಾಗ ಸರಿ, ಸನ್ನಡತೆಯಲ್ಲಿ ಬಂದಾಗ ಸರಿ. ಎರಡು ವರ್ಷವೋ ಮೂರು ವರ್ಷವೋ ಪೂರ್ತಿ ಶಿಕ್ಷೆ ಕಳೆದು ಬಂದವನಿಗೂ ಅದೇ ಪದ ಬಳಸಿ. ಅವನಿಗೆ ಜಾಮೀನುದಾರ ಇಲ್ಲ, ತಾರೀಖು ಇಲ್ಲ, ರದ್ದು ಮಾಡಿಸಲು ಏನೂ ಇಲ್ಲ. ಹೆದರಿದ ಹೆಂಡತಿಗೆ ಇಲ್ಲಿ ಬೇರೆ ಕಾಗದ ಬೇಕು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶ. ಅವಳು ಇರುವ ಜಾಗಕ್ಕೆ ಬರಬಾರದು, ಫೋನ್ ಮಾಡಬಾರದು ಅಂತ ಅದರಲ್ಲಿ ಬರೆಸಬಹುದು. ಮುರಿದರೆ ಅದೇ ಅಪರಾಧ. ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಅವಳೇ ಬೇಡ ಅಂತ ಅರ್ಜಿ ಕೊಡುವವರೆಗೆ ಅದು ಜಾರಿಯಲ್ಲಿರುತ್ತದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ರಕ್ಷಣಾಧಿಕಾರಿ. ಅಂಗನವಾಡಿ ಟೀಚರಿಗೆ ಕೇಳಿದರೆ ಆ ಕಚೇರಿ ತೋರಿಸುತ್ತಾರೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೂ ಆಗುತ್ತದೆ, ಅವನು ಬಾಗಿಲ ಮುಂದೆ ಬಂದು ನಿಂತಿದ್ದರೆ ತುರ್ತು ನಂಬರ್ 112. ಹಿಂಸೆ ‘ನಡೆದಿದೆ’ ಅಂತ ಮಾತ್ರ ಅಲ್ಲ, ‘ನಡೆಯುವ ಸಂಭವ ಇದೆ’ ಅಂತ ಮ್ಯಾಜಿಸ್ಟ್ರೇಟರಿಗೆ ಮನವರಿಕೆ ಆದರೂ ಈ ಆದೇಶ ಕೊಡಬಹುದು ಅಂತ ಕಾಯ್ದೆಯಲ್ಲಿದೆ. ಆದ್ದರಿಂದ ಅವನು ಬರುವ ದಿನದವರೆಗೆ ಕಾಯಬೇಕಿಲ್ಲ, ಇನ್ನೂ ಒಳಗಿರುವಾಗಲೇ ಅರ್ಜಿ ಹಾಕಬಹುದು.