ಎಸಿ ಕೊಳ್ಳುವ ಮೊದಲು ಮಾಳಿಗೆ ಹತ್ತಿ ನೋಡಿ

ಮೇ ಬಂತೆಂದರೆ ಕಲಬುರಗಿ ಕಡೆಯಿಂದ ನನಗೆ ಬರುವ ಫೋನ್‌ಗಳಲ್ಲಿ ಇರುವುದು ಒಂದೇ ಪ್ರಶ್ನೆ. "ಸರ್, ರಾತ್ರಿ ಹತ್ತಾದ್ರೂ ಬೆಡ್‌ರೂಮ್ ಕಾದ ಹಂಚಿನಂಗ ಇರ್ತದರಿ. ಎಷ್ಟು ಟನ್ ಎಸಿ ಹಾಕಸ್ಲಿ?" ನಾನು ಮೊದಲು ಕೇಳುವುದು, ಸ್ಲ್ಯಾಬಿನ ಮೇಲೆ ಏನಿದೆ ಅಂತ.

ಕಲಬುರಗಿ ಇರುವುದು 17.3 ಡಿಗ್ರಿ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಅಲ್ಲಿ ಸರಿಯಾಗಿ ನೆತ್ತಿಯ ಮೇಲೆ. ದಕ್ಷಿಣದ ಗೋಡೆಗೆ ಬಿಸಿಲು ಹೆಚ್ಚುಕಡಿಮೆ ಬೀಳುವುದೇ ಇಲ್ಲ, ಹೊಡೆತವೆಲ್ಲ ಮಾಳಿಗೆಗೆ. 5 ಇಂಚಿನ ಕಾಂಕ್ರೀಟ್ ಆ ಕಾವನ್ನು ಮೂರ್ನಾಲ್ಕು ತಾಸಿನಲ್ಲಿ ಒಳಗೆ ದಾಟಿಸುತ್ತದೆ. ಸಂಜೆ ಹೊರಗೆ ಗಾಳಿ ತಣ್ಣಗಾದರೂ ಮಂಚದ ಮೇಲಿನ ಸ್ಲ್ಯಾಬ್ ಬಿಸಿ ಇಳಿಸುತ್ತಲೇ ಇರುತ್ತದೆ.

ಹಳೆಯ ಮಾಳಿಗೆ ಮನೆ ನೆನಪಿದೆ ಅಲ್ವಾ? ತೊಲೆ, ಜಂತಿ, ಅದರ ಮೇಲೆ ಹಲಗೆ ಇಲ್ಲವೇ ಕಲ್ಲುಚಪ್ಪಡಿ, ಎಲ್ಲಕ್ಕೂ ಮೇಲೆ ದಪ್ಪನೆಯ ಮಣ್ಣು. ಗೋಡೆ ಎರಡಡಿ. ಮಧ್ಯಾಹ್ನದ ಬಿಸಿ ಒಳಗೆ ಮುಟ್ಟುವಷ್ಟರಲ್ಲಿ ನಡುರಾತ್ರಿ ಆಗಿರುತ್ತಿತ್ತು. ಅಷ್ಟು ಹೊತ್ತಿಗೆ ಹೊರಗೆ ತಂಪು. ಒಳಗಿನ ಬಿಸಿಗಾಳಿ ಬೆಳಕಿಂಡಿಯಿಂದ ಮೇಲೆ ಹೋಗುತ್ತಿತ್ತು. ಕಿಟಕಿಗಳು ಸಣ್ಣವಿದ್ದುದರಿಂದ ಹಗಲಿನ ಬಿಸಿಗಾಳಿಯೂ ಒಳಗೆ ನುಗ್ಗುತ್ತಿರಲಿಲ್ಲ.

ಹಾಗಂತ ಈಗಿನ ಸ್ಲ್ಯಾಬಿನ ಮೇಲೆ ಸುಮ್ನೆ ಮಣ್ಣು ಸುರಿಯಬೇಡಿ, ದಯವಿಟ್ಟು. ಅರ್ಧ ಅಡಿ ಮಣ್ಣೆಂದರೆ ಚದರ ಮೀಟರಿಗೆ 200 ಕಿಲೋಗೂ ಜಾಸ್ತಿ. ಮಳೆನೀರು ಕುಡಿದರೆ ಇನ್ನೂ ಭಾರ. ಮಾಮೂಲಿ ಮನೆಯ ಸ್ಲ್ಯಾಬನ್ನು ಅಷ್ಟು ಭಾರಕ್ಕೆ ಲೆಕ್ಕ ಹಾಕಿರುವುದಿಲ್ಲ. ಅದರ ಬದಲು ಮಾರ್ಚ್‌ನಲ್ಲೇ ಮಾಳಿಗೆ ತೊಳೆದು ಎರಡು ಸಲ ಸುಣ್ಣ ಬಳಿಯಿರಿ. ಬಿಳಿ ಬಣ್ಣ ಬಿಸಿಲಿನ ಹೆಚ್ಚಿನ ಪಾಲನ್ನು ವಾಪಸ್ ಕಳಿಸುತ್ತದೆ. ಮಳೆಗೆ ತೊಳೆದುಹೋಗುತ್ತದೆ, ನಿಜ, ಪ್ರತಿ ವರ್ಷ ಬಳಿಯಬೇಕು. ಆ ಕೆಲಸ ಬೇಡವೆಂದರೆ ಬಿಳಿ ಟೈಲ್ಸ್ ಚೂರು ಹಾಸಿಸಿ. ಹೊಸದಾಗಿ ಕಟ್ಟುವವರು ಫಿಲ್ಲರ್ ಸ್ಲ್ಯಾಬ್ ಬಗ್ಗೆ ಎಂಜಿನಿಯರನ್ನು ಕೇಳಿ. ಅದರಲ್ಲಿ ಸ್ಲ್ಯಾಬಿನ ಒಳಗೆ ಮಂಗಳೂರು ಹಂಚು ಕೂರಿಸುತ್ತಾರೆ. ಕಾಂಕ್ರೀಟ್ ಉಳಿಯುತ್ತದೆ, ಎರಡು ಹಂಚಿನ ನಡುವೆ ಸಿಕ್ಕ ಗಾಳಿ ಕಾವನ್ನೂ ತಡೆಯುತ್ತದೆ.

ಕಿಟಕಿಗಳನ್ನು ಬೆಳಿಗ್ಗೆ ಎಂಟಕ್ಕೆ ಮುಚ್ಚಿ, ರಾತ್ರಿ ಹೊರಗೆ ತಂಪಾದ ಮೇಲೆ ತೆಗೆಯಿರಿ. ಪಶ್ಚಿಮದ ಕಿಟಕಿಗೆ ಛಜ್ಜಾ ಸಾಲದು, ಇಳಿಬಿಸಿಲು ಓರೆಯಾಗಿ ಒಳಗೇ ಬರುತ್ತದೆ. ಹೊರಗಡೆಯಿಂದ ಬಿದಿರಿನ ಪರದೆ ಇಳಿಬಿಡಿ. ಒಳಗೆ ಎಷ್ಟೇ ದಪ್ಪ ಪರದೆ ಹಾಕಿದರೂ ಅಷ್ಟೊತ್ತಿಗೆ ಬಿಸಿಲು ಗಾಜು ದಾಟಿ ಆಗಿರುತ್ತದೆ. ಗಾಳಿ ಬರುವ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದೂ ಒಳ್ಳೆಯ ಉಪಾಯ. ಆದರೆ ಅದು ರಾಯಚೂರು, ಕಲಬುರಗಿಯ ಒಣ ಗಾಳಿಗೆ. ಮಂಗಳೂರಿನಲ್ಲಿ ಮಾಡಿದರೆ ಸೆಕೆ ಇನ್ನೂ ಜಾಸ್ತಿಯಾಗುತ್ತದೆ.